ಇಗರ್ಜಿಯ ಗೋಡೆಯಲ್ಲಿ ಮುದ್ದೇಬಿಹಾಳ

ಗೋವಾಕ್ಕೆ ಬಂದ ಮೊದಲ ದಿನವೇ ನಾನು ಸತ್ತವರ ಮೇಲೆ ಕಾಲಿಟ್ಟೆ.

ಚಪ್ಪಲಿ ಬಿಡಬೇಕೋ ಬೇಡವೋ ಎಂದು ಚರ್ಚಿನ ಬಾಗಿಲಲ್ಲಿ ಅನುಮಾನಿಸಿ, ಯಾರೂ ಬಿಡದ್ದನ್ನು ನೋಡಿ ಹಾಗೆಯೇ ಒಳಗೆ ನಡೆದಿದ್ದೆ. ಹತ್ತು ಹೆಜ್ಜೆ ಹೋದ ಮೇಲೆ ಕಾಲಡಿಯ ಕಲ್ಲಿನಲ್ಲಿ ಅಕ್ಷರ ಕಂಡವು. ಪಕ್ಕದ ಕಲ್ಲಿನಲ್ಲಿ ಒಂದು ತಲೆಬುರುಡೆ, ಅದರ ಕೆಳಗೆ ಅಡ್ಡಡ್ಡ ಎರಡು ಎಲುಬು. ಬಾಗಿಲಿಂದ ಪೂಜಾಪೀಠದವರೆಗೆ ನೆಲವೆಲ್ಲ ಗೋರಿಗಳೇ. ನಮ್ಮ ಕಬರಸ್ತಾನದಲ್ಲಿ ಗೋರಿ ತುಳಿಯದಂತೆ ಮಕ್ಕಳ ಕೈಹಿಡಿದು ಸುತ್ತಿಸಿಕೊಂಡು ಹೋಗುತ್ತಾರೆ. ಇಲ್ಲಿ ಜನ ವಾರವಾರವೂ ಗೋರಿಗಳ ಮೇಲೆ ಮೊಣಕಾಲೂರುತ್ತಾರೆ. ನಾನು ಒಂದು ಕಾಲನ್ನು ಎತ್ತಿಕೊಂಡು, ಎಲ್ಲಿಡಬೇಕೆಂದು ತಿಳಿಯದೆ ನಿಂತುಬಿಟ್ಟೆ.

"ಭಿಯೆನಾಕಾ, ಬಾಯ್" ಎಂದಿತು ಹಿಂದಿನಿಂದ ಒಂದು ಧ್ವನಿ. ಹೆದರಬೇಡ ತಂಗಿ ಎಂದು ಅದರ ಅರ್ಥ. ಬೀಗದ ಗೊಂಚಲು ಹಿಡಿದಿದ್ದ ಮುದುಕ ನಗುತ್ತಿದ್ದ. "ನಡೆ, ನಡೆ. ಇವರು ಏಳುವವರಲ್ಲ. ಹೆದರುವುದಾದರೆ ತಲೆಯ ಮೇಲಿರುವುದಕ್ಕೆ ಹೆದರು."

ಆತ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ.

ನಾನು ಮುದ್ದೇಬಿಹಾಳದವಳು. ಹೆಸರು ರಜಿಯಾ. ನಮ್ಮದು ಗೌಂಡಿ ಮನೆತನ. ಅಜ್ಜ ಕಲ್ಲು ಕಟ್ಟುತ್ತಿದ್ದ, ಅಬ್ಬಾ ಕಲ್ಲು, ಇಟ್ಟಿಗೆ ಎರಡನ್ನೂ ಕಟ್ಟಿದರು. ನಾನು ವಿಜಯಪುರದಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ, ಬಸವನ ಬಾಗೇವಾಡಿಯಲ್ಲಿ ನಾಲ್ಕು ವರ್ಷ ಮನೆಗಳ ನಕ್ಷೆ ಬರೆದೆ. ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಮಾಡುವ ಕೆಲಸ ಗೋವಾದ ಒಂದು ಸಣ್ಣ ಕಚೇರಿಯಲ್ಲಿ ಸಿಕ್ಕಾಗ ಹೊರಟುಬಂದೆ. ಮೊದಲ ಕೆಲಸವೇ ಈ ಇಗರ್ಜಿ. ಚರ್ಚಿಗೆ ಇಲ್ಲಿನ ಕೊಂಕಣಿಯಲ್ಲಿ ಇಗರ್ಜಿ ಎನ್ನುತ್ತಾರೆ. ಊರಿನ ಹೆಸರನ್ನೂ ಇಗರ್ಜಿಯ ಹೆಸರನ್ನೂ ಬರೆಯಬೇಡ ಎಂದು ಅಲ್ಲಿನವರು ಕೇಳಿಕೊಂಡಿದ್ದಾರೆ, ಬರೆಯುವುದಿಲ್ಲ.

ಬಂದ ಮೇಲೆ ಮೊದಲು ಕಲಿತ ಕೊಂಕಣಿ ಪದ ಘಾಂಟಿ. ಘಟ್ಟದ ಆಚೆಯವರು ಎಂದು ಅರ್ಥ, ಆದರೆ ಹೇಳುವ ಬಾಯಿಯನ್ನು ನೋಡಿದರೆ ಅರ್ಥ ಬೇರೆ ಇದೆ ಎಂದು ಗೊತ್ತಾಗುತ್ತದೆ. ಬಾಡಿಗೆ ಮನೆ ಕೇಳಿಕೊಂಡು ಹೋದಲ್ಲೆಲ್ಲ ಮೊದಲು ನನ್ನ ಹಿಂದಿಯನ್ನು ಕೇಳಿಸಿಕೊಂಡರು, ಆಮೇಲೆ ಊರು ಕೇಳಿದರು, ಆಮೇಲೆ ಕೋಣೆ ಖಾಲಿ ಇಲ್ಲ ಅಂದರು. ನನ್ನ ಹೆಸರು ಕೇಳುವ ಹೊತ್ತಿಗೆ ಬಾಗಿಲು ಅರ್ಧ ಮುಚ್ಚಿರುತ್ತಿತ್ತು. ಕೊನೆಗೆ ಕೋಣೆ ಕೊಟ್ಟವನು ಬೀಗದ ಗೊಂಚಲಿನ ಅದೇ ಮುದುಕ. ಆತನ ಹೆಸರು ಕಾಯ್ತಾನ. ಇಗರ್ಜಿಯ ಬಾಗಿಲು ತೆರೆಯುವುದು, ದೀಪ ಹಚ್ಚುವುದು, ಗಂಟೆ ಬಾರಿಸುವುದು ಆತನ ಕೆಲಸ. ಮದುವೆಯಾಗದ ತಂಗಿ ಫೆರ್ಮಿನಾಳೊಂದಿಗೆ ಗಂಟೆ ಗೋಪುರದ ಬುಡಕ್ಕೇ ಅಂಟಿಕೊಂಡ ಮನೆಯಲ್ಲಿ ಇರುತ್ತಿದ್ದ. ನನ್ನ ಕೋಣೆಯ ಹಿಂಗೋಡೆ ಎಂದರೆ ಗೋಪುರದ ಗೋಡೆಯೇ. ಅವರ ಮಾತು ಕೊಂಕಣಿ, ನನ್ನದು ಹಿಂದಿ; ಎರಡರ ನಡುವೆ ಹೇಗೋ ನಮ್ಮ ಸಂಸಾರ ನಡೆಯುತ್ತಿತ್ತು.

ನಮ್ಮ ಕಡೆ ಬೆಳಗಾಗುವುದು ರೊಟ್ಟಿ ಬಡಿಯುವ ಸದ್ದಿಗೆ. ಇಲ್ಲಿ ಪೊದೆರ, ಅಂದರೆ ಪಾವು ಎಂಬ ಬ್ರೆಡ್ಡು ಮಾರುವವನು, ಸೈಕಲ್ಲಿನ ಹಾರ್ನ್ ಒತ್ತುತ್ತ ಬೆಳಗು ಮಾಡುತ್ತಾನೆ. ಫೆರ್ಮಿನಾ ಕೆಂಪು ಕುಸುಬಲಕ್ಕಿಯ ಅನ್ನಕ್ಕೆ ಮೀನಿನ ಸಾರು ಸುರಿದು ಮುಂದಿಟ್ಟಾಗ ಮೊದಮೊದಲು ಉಸಿರು ಬಿಗಿಹಿಡಿದು ನುಂಗುತ್ತಿದ್ದೆ. ಮೂರನೇ ತಿಂಗಳಿಗೆ ಆಕೆಯೇ ನನ್ನ ಡಬ್ಬಿಯ ಶೇಂಗಾ ಹಿಂಡಿಯನ್ನು ಕೇಳಿ ಹಾಕಿಸಿಕೊಳ್ಳತೊಡಗಿದಳು. ಅಂದು ಅಮ್ಮನಿಗೆ ಫೋನು ಮಾಡಿ, ದೊಡ್ಡ ಪರೀಕ್ಷೆ ಪಾಸಾದವಳಂತೆ ಹೇಳಿಕೊಂಡೆ.

ಇನ್ನು ಇಗರ್ಜಿ. ಹೊರಗಿನಿಂದ ನೋಡಿದರೆ ಕಣ್ಣು ಕುಕ್ಕುವ ಬಿಳುಪು. ಎರಡು ಗೋಪುರ, ನಡುವೆ ಅಲೆಯಂತೆ ಬಾಗಿದ ತಲೆ, ಕಿಟಕಿಗಳಿಗೆ ಗಾಜಿನ ಬದಲು ಸಮುದ್ರದ ಚಿಪ್ಪನ್ನು ತೆಳ್ಳಗೆ ಮಾಡಿ ಕೂಡಿಸಿದ್ದಾರೆ. ಅದರಿಂದ ಸೋಸಿ ಬರುವ ಬೆಳಕು ಹಾಲಿನಂತಿರುತ್ತದೆ. ಪೂಜಾಪೀಠದ ಹಿಂದೆ ನೆಲದಿಂದ ಕಮಾನಿನವರೆಗೆ ಚಿನ್ನದ ರೇಕು ಹಚ್ಚಿದ ಮರದ ಕೆತ್ತನೆ. ಬಳ್ಳಿ, ದೇವದೂತರು, ದ್ರಾಕ್ಷಿಯ ಗೊಂಚಲು. ಬೆರಳಿನಿಂದ ತಟ್ಟಿದರೆ ಕೆಲವು ದೇವದೂತರ ಒಳಗೆ ಏನೂ ಇಲ್ಲ. ಗೆದ್ದಲು ತಿಂದು ಬರೀ ಚಿನ್ನದ ಸಿಪ್ಪೆ ಉಳಿದಿದೆ. ಮುಖ್ಯ ಬಾಗಿಲಿನ ಮೇಲೆ, ಹಾಡುವವರು ನಿಲ್ಲುವ ಮರದ ಅಟ್ಟ. ಅದಕ್ಕೆ ಕೋರ್ ಎನ್ನುತ್ತಾರೆ. ಹಬ್ಬದ ದಿನ ಅಲ್ಲಿ ಮೂವತ್ತು ನಲವತ್ತು ಜನ ನಿಂತು ಹಾಡುತ್ತಾರೆ.

ಬಿಳಿ ಸುಣ್ಣದ ಒಳಗಿರುವುದು ಚೀರೇಕಲ್ಲು, ಕೆಂಪಗೆ ತೂತುತೂತಾದ ಕಲ್ಲು. ನಮ್ಮ ಕಡೆಯ ಕರಿಕಲ್ಲು ಮಳೆಯನ್ನು ಜಾಡಿಸಿ ಒಗೆಯುತ್ತದೆ. ಇದು ಮಳೆಯನ್ನು ಕುಡಿಯುತ್ತದೆ, ಬಿಸಿಲಿಗೆ ಬೆವರುತ್ತದೆ. ಸುಣ್ಣದ ಗಚ್ಚು ಇದ್ದರೆ ಬೆವರಲು ಜಾಗವಿರುತ್ತದೆ. ಪೋರ್ಚುಗೀಸರಿಗಿಂತ ಮೊದಲು ಈ ಸೀಮೆ ನಮ್ಮ ವಿಜಯಪುರದ ಆದಿಲಶಾಹಿಗೆ ಸೇರಿತ್ತು ಎಂದು ಓದಿದಾಗ, ಇಲ್ಲಿ ನನಗೂ ಒಂದು ಎಳೆಯ ಸಂಬಂಧವಿದೆ ಎನಿಸಿ ಸಣ್ಣ ಧೈರ್ಯ ಬಂದಿತ್ತು.

ಕಾಯ್ತಾನ ಹೇಳುವ ಪ್ರಕಾರ ಇಲ್ಲಿ ಮೊದಲಿದ್ದದ್ದು ಮಣ್ಣಿನ ಗೋಡೆ, ತಾಳೆಗರಿಯ ಮಾಡು. ಅದು ಸುಟ್ಟುಹೋದ ಮೇಲೆ ಕಲ್ಲಿನದನ್ನು ಕಟ್ಟಿದರು, ಒಂದೇ ಗೋಪುರದ್ದು. ಎರಡು ತಲೆಮಾರಿನ ನಂತರ ಊರಿನ ಒಬ್ಬ ಶ್ರೀಮಂತ ಹರಕೆ ಹೊತ್ತು ಎರಡನೆಯ ಗೋಪುರ ಕಟ್ಟಿಸಿದ. ಅದೇ ನಮ್ಮ ಮನೆಯ ಮೇಲಿನ ಗಂಟೆ ಗೋಪುರ. ನಾನು ಅಳೆಯುತ್ತ ಹೋದಂತೆ ತಿಳಿದದ್ದೇನೆಂದರೆ, ಹಳೆಯ ಗೋಡೆಯ ಕಲ್ಲೂ ಹೊಸ ಗೋಪುರದ ಕಲ್ಲೂ ಎಲ್ಲೂ ಒಂದನ್ನೊಂದು ಕಚ್ಚಿಕೊಂಡಿಲ್ಲ. ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ಬರೀ ಪಕ್ಕಪಕ್ಕ ನಿಂತಿವೆ. ಆ ಸಂದಿಗುಂಟ, ಕೋರಿನ ಹತ್ತಿರ, ಒಂದು ಬಿರುಕು.

ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಎರಡೂ ಬದಿ ಗಚ್ಚಿನಿಂದ ಅಂಟಿಸುವುದು ನಮ್ಮ ಕೆಲಸದ ಹಳೆಯ ರೂಢಿ. ಗೋಡೆ ಕೂದಲೆಳೆಯಷ್ಟು ಕದಲಿದರೂ ಗಾಜು ಒಡೆಯುತ್ತದೆ. ಕೆಳಗಿನಿಂದ ಮೇಲಿನವರೆಗೆ ಏಳು ಪಟ್ಟಿ ಅಂಟಿಸಿದೆ. ಮಳೆಗಾಲ ಶುರುವಾಗಿ ಹನ್ನೆರಡು ದಿನಕ್ಕೆ ಮೇಲಿನ ಪಟ್ಟಿ ಒಡೆಯಿತು. ಕಾಯ್ತಾನ ಗಂಟೆಯ ಹಗ್ಗ ಎಳೆದಾಗ ಕೋರಿಗೆ ಹತ್ತುವ ಮೆಟ್ಟಿಲ ಮೇಲೆ ನಿಂತು ನೋಡಿದೆ. ಪ್ರತಿ ಹೊಡೆತಕ್ಕೂ ಬಿರುಕಿನಿಂದ ಒಂದು ಚಿಟಿಕೆ ಕೆಂಪು ಪುಡಿ ಉದುರುತ್ತಿತ್ತು.

ಗಿಲಾವು, ಅಂದರೆ ಗೋಡೆಯ ಮೇಲಿನ ಲೇಪ, ಎಂಥದ್ದೆಂದು ನೋಡಲು ಮೆಟ್ಟಿಲಿನ ತಿರುವಿನಲ್ಲಿ ಸುಣ್ಣ ಕೆರೆದೆ. ಒಳಗೆ ಸಿಮೆಂಟು. ಬೆವರುವ ಕಲ್ಲಿನ ಬಾಯಿಯನ್ನು ಯಾರೋ ಸಿಮೆಂಟಿನಿಂದ ಮುಚ್ಚಿದ್ದರು. ಇನ್ನೂ ಕೆರೆದೆ. ಹಸಿ ಇದ್ದಾಗ ಮೊಳೆಯಿಂದ ಗೀಚಿದ ಗೆರೆಗಳು ಕಂಡವು. ಪೋರ್ಚುಗೀಸ್ ಇರಬೇಕೆಂದು ಟಾರ್ಚು ಹಿಡಿದೆ. ಕನ್ನಡ!

ಹುಸೇನ ಗೌಂಡಿ, ಮುದ್ದೇಬಿಹಾಳ.

ನನ್ನ ಅಬ್ಬಾನ ಹೆಸರು. ಹ ಅಕ್ಷರದ ಬಾಲವನ್ನು ಉದ್ದಕ್ಕೆ ಎಳೆಯುವುದು ಅವರ ಅಭ್ಯಾಸ. ನಾನು ಹುಟ್ಟುವ ಮೊದಲು ಅವರು ಗೋವಾದಲ್ಲಿ ಎರಡು ವರ್ಷ ದುಡಿದಿದ್ದರು ಎಂದು ಗೊತ್ತಿತ್ತು. ಎಲ್ಲಿ, ಏನು ಎಂದು ಅವರು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ಒಂದು ಕ್ಷಣ ಎಂಥ ಖುಷಿಯಾಯಿತೆಂದರೆ ಆ ಅಕ್ಷರಗಳ ಮೇಲೆ ಕೈಯಿಟ್ಟು ಹಾಗೇ ನಿಂತೆ. ಇಡೀ ಊರಿನಲ್ಲಿ ನನಗೆ ಓದಲು ಬರುವ ಒಂದೇ ಗೋಡೆ! ಮರುಕ್ಷಣ ಕೈ ಹಿಂದಕ್ಕೆ ಬಂತು. ಬಿರುಕು ಆ ಹೆಸರಿನಿಂದ ಒಂದು ಗೇಣು ಆಚೆಗಿತ್ತು.

ಹೊರಗೆ ಬಂದು ಫೋನು ಮಾಡಿದೆ.

"ಅಬ್ಬಾ, ನೀವು ಇಲ್ಲಿ ಇಗರ್ಜಿಗೆ ಗಿಲಾವು ಹೊಡದಿದ್ರೇನು? ಎರಡ ಗೋಪುರದ್ದು, ಬಿಳೇದು?"

"ನೀ ಆ ಇಗರ್ಜಿಯೊಳಗ ಅದೀಯೇನು?" ಅಂದರು.

"ಅದರ ಬಗಲಾಗ ಮಲಗ್ತೇನ್ರಿ. ಬಿರುಕು ಬಿಟ್ಟೈತಿ ಅಬ್ಬಾ."

"ಆವಾಗೂ ಬಿಟ್ಟಿತ್ತು."

ತಡೆದು ತಡೆದು ಹೇಳಿದರು. ಹಬ್ಬ ಹತ್ತಿರ ಬಂದಿತ್ತಂತೆ, ಗುತ್ತಿಗೆದಾರ ಅವಸರ ಮಾಡುತ್ತಿದ್ದನಂತೆ. ಹಳೆಯ ಗಚ್ಚನ್ನು ಕೆತ್ತಿದಾಗ ಗೋಡೆಯೊಳಗೆ ಒಂದು ದಪ್ಪ ತೊಲೆ ಸಿಕ್ಕಿತು. ಗೋಪುರವನ್ನೂ ಹಳೆಯ ಗೋಡೆಯನ್ನೂ ಹಿಡಿದುಕೊಂಡಿದ್ದದ್ದು ಅದೊಂದೇ.

"ಗೆದ್ದಲ ತಿಂದಿತ್ತು. ತಗದು ಒಗೀರಿ, ಇಟ್ಟಂಗಿ ತುಂಬಿ ಸಿಮೆಂಟ್ ಬಡೀರಿ ಅಂದ. ನಾ ಹೇಳ್ದೆ, ಸಾಹೇಬ್ರ, ಬದಲಿ ತೊಲಿ ಹಾಕೋಣು ಅಂತ. ನೀ ಗೌಂಡಿ, ಗೌಂಡೀಗತೆ ಇರು ಅಂದ. ನಾ ಬಡದೆ, ರಜಿಯಾ. ಬಡದು ಹೆಸರು ಬ್ಯಾರೆ ಬರದೆ."

"ಈಗೇನ ಮಾಡ್ಲಿ?"

"ನೀ ಮದಲ ಅಲ್ಲಿಂದ ಹೊರಗ ಬೀಳು."

ನಾನು ಹೊರಗೆ ಬೀಳಲಿಲ್ಲ. ಎಲ್ಲವನ್ನೂ ಹೇಳಲೂ ಇಲ್ಲ. ಬಿರುಕಿನ ವರದಿಯನ್ನು ನಮ್ಮ ಕಚೇರಿಯ ಮುಖ್ಯಸ್ಥೆಯೊಂದಿಗೆ ಹೋಗಿ ವಿಗಾರರಿಗೆ, ಅಂದರೆ ಇಗರ್ಜಿಯ ಹಿರಿಯ ಪಾದ್ರಿಗಳಿಗೆ, ಕೊಟ್ಟೆ. ತೊಲೆಯ ಮಾತನ್ನು ನುಂಗಿಕೊಂಡೆ. ಹೇಳಿದರೆ ತೊಲೆ ಕಿತ್ತವರು ಯಾರೆಂದು ಕೇಳುತ್ತಾರೆ. ಘಾಂಟಿಗಳು ಎಂದು ಇಡೀ ಊರು ಹೇಳುತ್ತದೆ, ಆ ಘಾಂಟಿ ನನ್ನಪ್ಪ. ಇಗರ್ಜಿಯ ಕಮಿಟಿಯವರು ವರದಿ ಓದಿ, ಬಿರುಕು ನಮ್ಮ ಅಜ್ಜಂದಿರ ಕಾಲದ್ದು, ಆಗಸ್ಟಿನ ಹಬ್ಬ ಮುಗಿಯಲಿ ಅಂದರು.

ಮಳೆ ಹಿಡಿದದ್ದು ಬಿಡಲಿಲ್ಲ. ನಮ್ಮ ಇಂಡಿ, ಸಿಂದಗಿಯ ಕಡೆ ಮೋಡ ಕಂಡರೆ ಅಂಗಳಕ್ಕೆ ಬಂದು ಮುಖ ಎತ್ತುತ್ತೇವೆ. ಇಲ್ಲಿ ನಾನು ಮಳೆಯ ಸದ್ದಿಗೆ ಲೆಕ್ಕ ಹಾಕುತ್ತಿದ್ದೆ, ಕಲ್ಲು ಇವತ್ತು ಎಷ್ಟು ಕುಡಿದಿರಬಹುದು ಎಂದು. ಎರಡನೆಯ ಪಟ್ಟಿ ಒಡೆಯಿತು. ಮೂರನೆಯದು, ನಾಲ್ಕನೆಯದು. ಬೆಳಗ್ಗೆ ಎದ್ದರೆ ಹೊದಿಕೆಯ ಮೇಲೆ ಕುಂಕುಮ ಚೆಲ್ಲಿದಂತೆ ಕೆಂಪು ಧೂಳು ಇರುತ್ತಿತ್ತು. ಫೆರ್ಮಿನಾ ನೋಡಬಾರದೆಂದು ಅದನ್ನು ಬೇಗ ಝಾಡಿಸಿಬಿಡುತ್ತಿದ್ದೆ. ಕೋರಿನಲ್ಲಿ ಹಬ್ಬದ ಹಾಡಿನ ಅಭ್ಯಾಸ ಶುರುವಾಗಿತ್ತು. ಹೆಂಗಸರು, ಗಂಡಸರು, ಶಾಲೆಯ ಹುಡುಗಿಯರು. ನಾನು ಕೆಳಗೆ ನಿಂತು ಅವರ ಕಾಲುಗಳನ್ನು ನೋಡುತ್ತಿದ್ದೆ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಲೇ ಒಂಬತ್ತು ದಿನ ಕಳೆದೆ. ನನ್ನ ಬದುಕಿನಲ್ಲಿ ನನಗೆ ಅತ್ಯಂತ ನಾಚಿಕೆ ತರುವ ದಿನಗಳು ಅವು.

ಹತ್ತನೆಯ ದಿನ ಬೆಳಗ್ಗೆ ಕದ ತೆರೆದರೆ ಅಬ್ಬಾ. ತೊಯ್ದ ಟೊಪ್ಪಿಗೆ, ಕೈಯಲ್ಲಿ ಒಂದು ಚೀಲ. ಮುದ್ದೇಬಿಹಾಳದಿಂದ ಬೆಳಗಾವಿಗೆ, ಬೆಳಗಾವಿಯಿಂದ ಇಲ್ಲಿಗೆ ಎರಡು ಬಸ್ಸು ಹತ್ತಿ ಬಂದಿದ್ದರು.

"ಹೇಳಿಯೇನು?" ಅಂದರು.

"ಇನ್ನೂ ಇಲ್ರಿ" ಅಂದೆ.

"ನನಗ ಗೊತ್ತಿತ್ತು. ನನ್ನ ಸಲುವಾಗಿ ಹೇಳಂಗಿಲ್ಲ ನೀ. ನಡೀ, ನಾನಽ ಹೇಳ್ತೇನಿ."

ಇಗರ್ಜಿಯ ಒಳಗೆ ಹೋಗಿ ಬಿರುಕಿನ ಕೆಳಗೆ ನಿಂತರು. ಅಂಗೈಯನ್ನು ಗೋಡೆಗೆ ಒತ್ತಿ, ಹಸುವಿನ ಹೊಟ್ಟೆ ಮುಟ್ಟಿ ನೋಡುವವರ ಹಾಗೆ ಸರಿಸುತ್ತ ಹೋದರು. ಬೆರಳ ಗೆಣ್ಣಿನಿಂದ ತಟ್ಟಿದರು. ಟೊಳ್ಳು ಸದ್ದು. ಆಗಲೇ ಕಾಯ್ತಾನ ವಿಗಾರರನ್ನು ಕರೆದುಕೊಂಡು ಬಂದ. ಅಬ್ಬಾ ಹಿಂದಿಯಲ್ಲಿ ಶುರುಮಾಡಿದರು, ಅರ್ಧಕ್ಕೆ ಹಿಂದಿ ಸಾಲದೆ ಕನ್ನಡಕ್ಕೆ ಇಳಿದರು.

"ಫಾದರ್, ಇಲ್ಲಿ ಒಂದು ತೊಲಿ ಇತ್ತು. ನಾ ಕಿತ್ತೇನಿ. ಈ ಗ್ವಾಡಿ, ಆ ಗ್ವಾಡಿ ಈಗ ಎರಡೂ ಬ್ಯಾರೆ ಅದಾವು. ಮಂದೀನ ಮ್ಯಾಲೆ ಹತ್ತಸಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನಿ."

ನಾನು ಒಂದೊಂದೇ ಮಾತನ್ನು ಹಿಂದಿಗೆ ತಿರುಗಿಸಿದೆ. ನನ್ನ ಬಾಯಿಂದಲೇ ನನ್ನಪ್ಪನ ತಪ್ಪು ಹೊರಬಂತು. ವಿಗಾರರು ಅವರನ್ನೇ ನೋಡುತ್ತಿದ್ದರು. "ಇಷ್ಟು ವರ್ಷ ಆದ ಮೇಲೆ ಇದನ್ನು ಹೇಳಲು ಬಂದಿರಾ?" ಎಂದು ಕೇಳಿದರು.

"ಮಗಳು ಇಲ್ಲಿ ಮಲಗಾಕತ್ತಾಳಂತ ಗೊತ್ತಾದ ಮ್ಯಾಲೆ ಬಂದೇನ್ರಿ. ಅದೂ ತಪ್ಪಽ."

ಆಗ ಆದದ್ದನ್ನು ಯಾರೂ ಎಣಿಸಿರಲಿಲ್ಲ. ಕಾಯ್ತಾನ ಶಿಲುಬೆಯ ಗುರುತು ಹಾಕಿಕೊಂಡ. "ಆ ತೊಲೆ ಹೊರಗೆ ಬಿದ್ದಿದ್ದನ್ನು ನಾನು ನೋಡಿದ್ದೆ" ಎಂದ. "ಒಡೆದು ಒಲೆಗೆ ಹಾಕಿದ್ದೂ ನಾನೇ. ಒಂದು ವಾರ ನೀರು ಕಾಯಿಸಿದೆವು. ಕೇಳಬೇಕಿತ್ತು, ಎಲ್ಲಿಂದ ಬಂತು ಎಂದು. ಕೇಳಲಿಲ್ಲ."

ವಿಗಾರರು ಅಂದೇ ಇಗರ್ಜಿಗೆ ಬೀಗ ಹಾಕಿಸಿದರು. ಹಬ್ಬದ ಒಂಬತ್ತು ದಿನಗಳ ಪ್ರಾರ್ಥನೆ ಪಕ್ಕದ ಶಾಲೆಯ ಮೈದಾನದಲ್ಲಿ, ತಗಡಿನ ಚಪ್ಪರದ ಕೆಳಗೆ ನಡೆಯಲಿ ಎಂದರು. ಕಾಯ್ತಾನ ಗಂಟೆಯ ಹಗ್ಗವನ್ನು ಬಿಚ್ಚಿ ಸುತ್ತಿಟ್ಟ. ಊರಿನಲ್ಲಿ ಗುಲ್ಲೆದ್ದಿತು. ತಲೆತಲಾಂತರದಿಂದ ನಿಲ್ಲದ ಗಂಟೆ ಒಬ್ಬ ಘಾಂಟಿಯ ಮಾತಿಗೆ ನಿಂತಿತಲ್ಲ ಎಂದು. ಪಾವು ತರುತ್ತಿದ್ದ ಪೊದೆರ ನಮ್ಮ ಬಾಗಿಲಲ್ಲಿ ಹಾರ್ನ್ ಒತ್ತದೆ ಮುಂದೆ ಹೋಗತೊಡಗಿದ.

ಶಾಲೆಯ ಒಂದು ಕೋಣೆಗೆ ನಮ್ಮನ್ನೆಲ್ಲ ಸಾಗಿಸಿದರು. ಫೆರ್ಮಿನಾ ಮಾತ್ರ ಕೇಳಲಿಲ್ಲ. ಹುಟ್ಟಿದ ಮನೆ, ಕೋಳಿಗಳಿವೆ ಎಂದು ದಿನವೂ ಕಣ್ಣುತಪ್ಪಿಸಿ ಹೋಗಿಬರುತ್ತಿದ್ದಳು. ನಮ್ಮ ಕಚೇರಿಯವರು ಗೋಪುರಕ್ಕೆ ಕಬ್ಬಿಣದ ಊರುಗೋಲು ಕೊಡಲು ಅಳತೆ ತೆಗೆದುಕೊಂಡು ಹೋದರು. ಕಬ್ಬಿಣ ಬರಲು ಇನ್ನೂ ಮೂರು ದಿನವಿತ್ತು.

ಪ್ರಾರ್ಥನೆಯ ಐದನೆಯ ದಿನ. ಬೆಳಗಿನ ಹನ್ನೊಂದರ ಸುಮಾರು. ಮಳೆ ಸ್ವಲ್ಪ ನಿಂತು ತೆಳು ಬಿಸಿಲು ಬಿದ್ದಿತ್ತು. ಅಬ್ಬಾ ಚಪ್ಪರದ ಕಂಬದ ಹತ್ತಿರ ಕುಳಿತಿದ್ದವರು ತಟ್ಟನೆ ತಲೆ ಎತ್ತಿದರು.

"ಗೋಪುರದ ಪಾರಿವಾಳ ಎಲ್ಲಾ ಎದ್ದೂವು" ಎಂದರು. "ಆ ಕಾಯ್ತಾನನ ತಂಗಿ ಎಲ್ಲಿ?"

ನಾನು ಓಡಿದೆ. ಕಾಯ್ತಾನ ನನಗಿಂತ ಮುಂದೆ ಓಡುತ್ತಿದ್ದ. ಆ ವಯಸ್ಸಿನಲ್ಲಿ ಅಷ್ಟು ಜೋರಾಗಿ ಓಡಬಹುದೆಂದು ನನಗೆ ಗೊತ್ತಿರಲಿಲ್ಲ. ಫೆರ್ಮಿನಾ ಹಿತ್ತಲಲ್ಲಿ ಕೋಳಿಗಳಿಗೆ ಅನ್ನ ಹಾಕುತ್ತಿದ್ದಳು. ಆತ ಅವಳ ರಟ್ಟೆ ಹಿಡಿದು ಎಳೆದ, ಅವಳು ಬೈಯುತ್ತ ಕೊಸರಿದಳು, ನಾನು ಇನ್ನೊಂದು ರಟ್ಟೆ ಹಿಡಿದೆ. ಗೇಟು ದಾಟಿದ್ದೆವು. ಟಿಪ್ಪರಿನಿಂದ ಜಲ್ಲಿ ಸುರಿದಂಥ ಸದ್ದು ಶುರುವಾಯಿತು, ಶುರುವಾದದ್ದು ನಿಲ್ಲಲೇ ಇಲ್ಲ. ತಿರುಗಿ ನೋಡಿದಾಗ ಗೋಪುರ ವಾಲುತ್ತಿರಲಿಲ್ಲ. ಅದು ಇದ್ದಲ್ಲಿಯೇ ಕೆಳಗಿಳಿಯುತ್ತಿತ್ತು, ಮೊಣಕಾಲೂರುವವರ ಹಾಗೆ. ಕೋರ್ ಹೋಯಿತು, ಚಿಪ್ಪಿನ ಕಿಟಕಿಗಳು ಹೋದವು, ಮನೆ ಹೋಯಿತು. ಗಂಟೆ ಎಲ್ಲೋ ಒಳಗೆ ಒಮ್ಮೆ ಬಡಿದುಕೊಂಡಿತು. ಆಮೇಲೆ ಕೆಂಪು ಧೂಳು, ಅದರ ಮೇಲೆ ಮತ್ತೆ ಮಳೆ.

ಯಾರಿಗೂ ಪೆಟ್ಟಾಗಲಿಲ್ಲ. ಬೀಗ ಹಾಕಿರದಿದ್ದರೆ ಅಂದು ಸಂಜೆ ಕೋರಿನಲ್ಲಿ ಅಭ್ಯಾಸಕ್ಕೆ ನಿಲ್ಲಬೇಕಾಗಿದ್ದವರು ಮೈದಾನದ ಬೇಲಿಯ ಹತ್ತಿರ ಬಾಯಿಗೆ ಸೆರಗು, ಕರ್ಚೀಫು ಒತ್ತಿಕೊಂಡು ನಿಂತಿದ್ದರು. ಯಾರೋ, "ಕಟ್ಟಿದವನೂ ಘಾಂಟಿ, ಕೆಡವಿದವನೂ ಘಾಂಟಿ" ಎಂದು ಕೂಗಿದ. ಒಂದಿಬ್ಬರು ಅಬ್ಬಾನ ಕಡೆ ನುಗ್ಗಿದರು. ಅಡ್ಡ ನಿಂತವಳು ಫೆರ್ಮಿನಾ, ಕೈಯಲ್ಲಿನ್ನೂ ಅನ್ನದ ತಟ್ಟೆ. ಅವಳು ಕೂಗಿದ್ದು ನನಗೆ ಪೂರ್ತಿ ಅರ್ಥವಾಗಲಿಲ್ಲ. ಇವನಿಂದಲೇ ನನ್ನ ಮನೆ ಹೋಯಿತು, ಇವನನ್ನು ನಾನು ಬೈಯುತ್ತೇನೆ, ನೀವು ಯಾರು ಮುಟ್ಟಲು ಎಂದಳು ಎಂದು ಕಾಯ್ತಾನ ಆಮೇಲೆ ಹೇಳಿದ. ಬೈದಳು ಕೂಡ. ಅಬ್ಬಾ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡರು.

ಪೊಲೀಸರು ಅಬ್ಬಾನ ಹೇಳಿಕೆ ಬರೆದುಕೊಂಡು ಕಳಿಸಿದರು. ಆ ಗುತ್ತಿಗೆದಾರ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ವಿಗಾರರು ನನ್ನನ್ನು ಕೆಲಸದಿಂದ ತೆಗೆಯಬೇಡಿ ಎಂದು ನಮ್ಮ ಕಚೇರಿಗೆ ಹೇಳಿದರಂತೆ. ಉಳಿದ ಗೋಪುರದ ಸಿಮೆಂಟನ್ನು ಕೆತ್ತಿ, ಚಿಪ್ಪಿನ ಸುಣ್ಣದ ಗಚ್ಚು ಹಾಕುವ ಕೆಲಸ ಈಗ ನನ್ನ ಕಣ್ಣೆದುರೇ ನಡೆಯುತ್ತಿದೆ. ಅದನ್ನು ಮಾಡುತ್ತಿರುವವರಲ್ಲಿ ಆರು ಜನ ನಮ್ಮ ಕಡೆಯ ದೇವಣಗಾಂವದವರು. ಕಾಯ್ತಾನ, ಫೆರ್ಮಿನಾ ತಮಗೆ ಸಿಕ್ಕ ಹೊಸ ಮನೆಯಲ್ಲಿ ನನಗೂ ಒಂದು ಕೋಣೆ ಇಟ್ಟಿದ್ದಾರೆ.

ದೀಪಾವಳಿಯ ರಜೆಗೆ ಊರಿಗೆ ಹೋದಾಗ ಅಮ್ಮ ಬಾಗಿಲಲ್ಲೇ ಹೇಳಿದಳು, "ನಿಮ್ಮಪ್ಪಗ ಏನೋ ಆಗೇತಿ. ಊರೂರು ಗ್ವಾಡಿ ಬಡ್ಕೊಂತ ತಿರಗ್ತಾನ."

ನಿಜವಾಗಿತ್ತು. ಮಣ್ಣು, ಕಲ್ಲಿನ ಹಳೆಯ ಗೋಡೆಗಳಿಗೆ ತಾವು ಸಿಮೆಂಟು ಬಡಿದ ಮನೆಗಳನ್ನೆಲ್ಲ ನೆನಪು ಮಾಡಿಕೊಂಡು ಅಬ್ಬಾ ಒಂದೊಂದಕ್ಕೇ ಹೋಗುತ್ತಿದ್ದರು. ಮನಗೂಳಿಗೆ ಹೋಗುವ ದಿನ ನಾನೂ ಜೊತೆಗೆ ಹೋದೆ. ಕಾಳಿನ ವ್ಯಾಪಾರಿಯೊಬ್ಬರ ಹಳೆಯ ಮನೆ. ಯಜಮಾನರು ಹಿಗ್ಗಿನಿಂದ ಎದ್ದು ಬಂದರು.

"ಬರ್ರಿ ಹುಸೇನಸಾಬ್, ಕುಂಡ್ರಿ. ಚಾ ತರಸ್ತೇನಿ."

ಚಹಾ ಕುಡಿದು ಅಬ್ಬಾ ನಡುಮನೆಯ ಗೋಡೆಗೆ ಕಿವಿಗೊಟ್ಟು ತಟ್ಟಿದರು. ಅದೇ ಟೊಳ್ಳು ಸದ್ದು ನನಗೂ ಕೇಳಿಸಿತು. ಗೋಡೆಯ ಬುಡದಲ್ಲಿ ಒಂದು ತೊಟ್ಟಿಲು, ಅದರಲ್ಲಿ ಕೂಸು ಮಲಗಿತ್ತು.

"ಸಾವಕಾರ್ರ, ಇದನ್ನ ಕೆತ್ತಿ ನೋಡಬೇಕ್ರಿ. ಅಲ್ಲೀತನ ತೊಟ್ಟಲಾ ಆಕಡೆ ಸರಸ್ರಿ."

ಯಜಮಾನರ ಮುಖ ಗಂಟಿಕ್ಕಿತು. "ಗೋವಾದಾಗ ಒಂದು ಬಿತ್ತಂತ ಇಲ್ಲಿ ಮಂದೀನ್ನ ಅಂಜಸ್ತೀರೇನು? ನಿಮ್ಮ ಮಗಳು ಅಲ್ಲೀ ಅಂಜಿಕಿ ತಂದಾಳ. ಅದು ಆ ಊರಾಗ ಇರ್ಲಿ, ಇಲ್ಲಿ ಬ್ಯಾಡ. ಹೋಗಿ ಬರ್ರಿ."

ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಬಸ್ಸಿಗೆ ಕಾಯುತ್ತ ನಿಂತೆವು; ರಜೆ ಮುಗಿದು ನಾನು ಅಂದೇ ಗೋವಾಕ್ಕೆ ಮರಳಬೇಕಿತ್ತು. ಅಲ್ಲಿ ನಾನು ಗೋಪುರ ಬೀಳಿಸಿದವನ ಮಗಳು. ಇಲ್ಲಿ, ನಿಂತ ಗೋಡೆ ಬೀಳುತ್ತದೆ ಎನ್ನುವವನ ಮಗಳು. ಹುಟ್ಟಿದ ಊರಿನ ರಸ್ತೆಯಲ್ಲಿ ನಡೆಯುವಾಗಲೂ ಈಗ ನನ್ನ ಕಣ್ಣು ಮನುಷ್ಯರ ಮುಖಕ್ಕಿಂತ ಮೊದಲು ಅವರ ಹಿಂದಿನ ಗೋಡೆಗೆ ಹೋಗುತ್ತದೆ.

"ಇನ್ನೆಷ್ಟು ಅದಾವ್ರಿ ಅಬ್ಬಾ?"

"ಅದಾವು. ಸೋಮವಾರ ತಾಂಬಾಕ್ಕ ಹೋಗ್ತೇನಿ. ಅಲ್ಲೆ ಒಂದು ಸಾಲಿ ಐತಿ. ಗ್ವಾಡಿಗೆ ಹತ್ತಿ ಮಕ್ಕಳು ಕುಂಡರ್ತಾವು."

"ನಾನೂ ಉಳೀತೇನ್ರಿ."

"ಬ್ಯಾಡ," ಎಂದರು ಅಬ್ಬಾ, ಬೆಳಗಾವಿಯ ಬಸ್ಸಿಗೆ ಕೈ ಮಾಡುತ್ತ. "ನೀ ಹೋಗಿ ಆ ಉಳದ ಗೋಪುರ ನೋಡ್ಕೋ. ಈ ಕಡೀದು ನಾ ನೋಡ್ಕೋತೇನಿ."